ಕಿವಿಯಿಂದ ಕೆಳಗೆ

ನಮ್ಮೂರು ಮರ್ಗಿಲಾನಿನಲ್ಲಿ ಮನೆಯ ಒಳ್ಳೆಯ ಕೋಣೆ ಯಾರದು ಎಂದು ಕೇಳಿದರೆ ಏಪ್ರಿಲ್‌ವರೆಗೆ ಒಂದು ಉತ್ತರ, ಆಮೇಲೆ ಇನ್ನೊಂದು. ಏಪ್ರಿಲ್ ಮುಗಿಯುವ ಹೊತ್ತಿಗೆ ಅದು ಹುಳುವಿನದು. ದಪ್ಪ ಗೋಡೆಯ, ಒಲೆಯಿರುವ, ಗಾಳಿ ನುಗ್ಗದ ಕೋಣೆ ರೇಷ್ಮೆ ಹುಳುವಿಗೆ, ಮನುಷ್ಯರು ಜಗಲಿಗೆ. ಹುಳು ಪೊರೆ ಬಿಡುವ ಜ್ವರಕ್ಕೆ ಮಲಗಿದರೆ ಯಾರೂ ಬಾಗಿಲು ಬಡಿಯಬಾರದು. ಹುಳು ತಿನ್ನುವಾಗ ಯಾರೂ ಈರುಳ್ಳಿ ಹುರಿಯಬಾರದು. ಗಂಡಸರ ವಿಷಯದಲ್ಲೂ ಹೆಚ್ಚುಕಡಿಮೆ ಇವೇ ನಿಯಮಗಳಿವೆ. ಆದರೆ ಹುಳು ತಿಂಗಳೊಪ್ಪತ್ತಿನಲ್ಲಿ ಗೂಡು ಕಟ್ಟಿಕೊಂಡು ಬಾಯಿ ಮುಚ್ಚುತ್ತದೆ.

ನನ್ನ ಗೆಳತಿ ಇನೊಬತ್ ಹತ್ತೊಂಬತ್ತು ವರ್ಷ ಈ ಹುಳುಗಳ ಬಾಣಂತನ ಮಾಡಿದವಳು. ನಮ್ಮಿಬ್ಬರ ಮನೆಗಳಿಗೆ ಒಂದೇ ಅಂಗಳದ ಗೋಡೆ. ನೂಲು ಬಿಚ್ಚುವ ಕಾರ್ಖಾನೆಯಲ್ಲೂ ನಮ್ಮ ಬಿಸಿನೀರಿನ ಬಾನಿಗಳು ಅಕ್ಕಪಕ್ಕ. ಬೆಳಗಿನ ಜಾವ ಅಂಗಳ ಗುಡಿಸಿ, ನೀರು ಚಿಮುಕಿಸಿ, ತಂದೂರಿನಲ್ಲಿ ರೊಟ್ಟಿ ಬಡಿದು, ಹುಳುವಿನ ಕಾಲದಲ್ಲಿ ತಟ್ಟೆತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹರಡಿ, ಆಮೇಲೆ ಅವಳು ಕಾರ್ಖಾನೆಗೆ ಓಡಿಬರುತ್ತಿದ್ದಳು. ಅಲ್ಲಿ ಸಂಜೆಯವರೆಗೆ ಕುದಿಯುವ ನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆ ಹುಡುಕುವುದು. ಸಂಜೆ ಮನೆಗೆ ಹೋದರೆ ಮತ್ತೆ ಸೊಪ್ಪು. ಅವಳ ಗಂಡ ಕೊಮಿಲ್‌ಜಾನ್ ಕೊಂಬೆ ಕಡಿದು ತರುತ್ತಿದ್ದ. ತಂದದ್ದನ್ನು ಬೀದಿಯುದ್ದಕ್ಕೂ ಹೇಳಿಕೊಂಡು ಬರುತ್ತಿದ್ದ.

ಬಾನಿಯ ಮುಂದೆ ಕೂರುವವರೆಲ್ಲರ ತಲೆಯೂ ಒಂದೇ ಥರ. ಹಬೆಯಲ್ಲಿ ಬೆಂದು, ದಿನವಿಡೀ ತಲೆವಸ್ತ್ರದೊಳಗೆ ಬೆವರಿ, ಬುಡದಲ್ಲಿ ಎಣ್ಣೆ ಸುರಿಯುತ್ತದೆ, ತುದಿಯಲ್ಲಿ ಪೊರಕೆಕಡ್ಡಿ. ಇನೊಬತ್‌ಳ ತಂಗಿ ಕೊರಿಯಾದಲ್ಲಿ ಕೆಲಸಕ್ಕಿದ್ದಾಳೆ. ಎರಡು ವರ್ಷದ ಹಿಂದೆ ಅವಳು ಒಂದು ಡಬ್ಬಿ ಕಳಿಸಿದಳು. ಮೇಲೆ ಹುಳುವಿನ ಚಿತ್ರ, ಒಳಗೆ ಕೆನೆಯಂಥ ಲೇಪ. ರೇಷ್ಮೆಯ ಸತ್ವವಂತೆ, ಕೂದಲಿಗೆ ಹಚ್ಚಿಕೊಳ್ಳಬೇಕಂತೆ. ಉಳಿದದ್ದೆಲ್ಲ ಕೊರಿಯಾದ ಅಕ್ಷರದಲ್ಲಿತ್ತು.

"ನಮ್ಮದೇ ಹುಳುವನ್ನು ಅಲ್ಲಿಗೆ ಕರೆಸಿಕೊಂಡು, ಅರೆದು, ನಮಗೇ ವಾಪಸ್ ಕಳಿಸಿದ್ದಾರಲ್ಲೇ!" ಎಂದೆ ನಾನು.

"ಆದ್ರೂ ಅದು ವಿಮಾನ ಹತ್ತಿ ಬಂತು. ನಾನಿನ್ನೂ ತಾಷ್ಕೆಂಟ್ ನೋಡಿಲ್ಲ," ಎಂದಳು ಇನೊಬತ್.

ನಾವು ಹಿಪ್ಪುನೇರಳೆಯ ಊರಿನವರು. ಏನೇ ಒಣಗಿದರೂ ಬುಡಕ್ಕೆ ಸುರಿಯುವುದು ನಮ್ಮ ಅಭ್ಯಾಸ. ಆದ್ದರಿಂದ ಇನೊಬತ್ ಅರ್ಧ ಡಬ್ಬಿಯನ್ನು ನೆತ್ತಿಗೆ ತಿಕ್ಕಿಕೊಂಡು, ಬಟ್ಟೆ ಸುತ್ತಿ, ಒಂದು ಗಂಟೆ ಕಾದಳು. ತೊಳೆದು ಒಣಗಿಸಿದ ಮೇಲೆ ಕೊಮಿಲ್‌ಜಾನ್ ಅವಳನ್ನು ನೋಡಿ, "ಏನೇ, ಕಡಾಯಿಯಲ್ಲಿ ಬಿದ್ದೆಯಾ? ಕುರಿ ಬಾಲದ ಕೊಬ್ಬು ಕರಗಿಸಿದ ಹಾಗಿದೆ ತಲೆ," ಎಂದ. ಆ ಕೊಬ್ಬು ಕರಗಿಸುವ ಕಡಾಯಿಯನ್ನು ಅವನು ಒಮ್ಮೆಯೂ ತೊಳೆದವನಲ್ಲ.

ಬೇರೆ ಯಾರಾದರೂ ಆಗಿದ್ದರೆ ಡಬ್ಬಿ ಎಸೆಯುತ್ತಿದ್ದರು. ಇನೊಬತ್ ಮಾರನೆಯ ದಿನ ಬಾನಿಯ ಮುಂದೆ ಕೂತು, ಗೂಡಿನ ಅಂಟು ಬೆರಳಿಗೆ ಮೆತ್ತಿಕೊಂಡಾಗ ಇದ್ದಕ್ಕಿದ್ದಂತೆ ನಕ್ಕಳು.

"ನಾನೆಂಥ ಕತ್ತೆ ಮಾರಾಯ್ತಿ! ಎರಡು ಎಳೆ ಒಂದಕ್ಕೊಂದು ಅಂಟೋದೇ ಇದರಿಂದ. ಬುಡದಲ್ಲಿ ಮೊದಲೇ ಎಣ್ಣೆ ಅಂಟು. ಅದರ ಮೇಲೆ ಇನ್ನೊಂದು ಅಂಟು ಬಳಿದರೆ ಕೂದಲು ತಲೆಗೇ ಮೆತ್ತಿಕೊಳ್ಳದೆ ಇನ್ನೇನು ಮಾಡುತ್ತೆ? ಬಾಯಾರಿರೋದು ತುದಿಗೆ. ಗೂಡನ್ನೂ ನಾವು ತುದಿ ಹಿಡಿದೇ ಅಲ್ವಾ ಬಿಚ್ಚೋದು?"

ಆಮೇಲೆ ಅವಳು ಪ್ರಯೋಗಕ್ಕಿಳಿದಳು. ಮೊದಲು ಬುಡಕ್ಕೆ ನೆನೆಸಿದ ಜೇಡಿಮಣ್ಣು, ಹುಳಿ ಮೊಸರು, ಚೆನ್ನಾಗಿ ತೊಳೆಯುವುದು, ನೀರು ಹಿಂಡುವುದು, ಆಮೇಲೆ ಲೇಪ, ಕಿವಿಯಿಂದ ಕೆಳಗೆ ಮಾತ್ರ, ಆಕ್ರೋಟದಷ್ಟು ಗಾತ್ರ. ಒಂದು ಕೆಟಲ್ ಚಹಾ ಮುಗಿಯುವಷ್ಟು ಹೊತ್ತು ಬಿಟ್ಟು ತಣ್ಣೀರಲ್ಲಿ ತೊಳೆಯುವುದು. ಹತ್ತು ದಿನಕ್ಕೊಮ್ಮೆ ಸಾಕು. ನನ್ನ ತಲೆಯ ಮೇಲೂ ಮಾಡಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೂದಲು ಗಾಳಿಗೆ ಅಲ್ಲಾಡಿತು. ನನ್ನ ಗಂಡ ಕಿಟಕಿ ಮುಚ್ಚಿದ.

ಸುದ್ದಿ ಹಬ್ಬಿತು. ಡಬ್ಬಿ ಮುಗಿದಾಗಲೆಲ್ಲ ತಂಗಿ ಇನ್ನೊಂದು ಕಳಿಸಿದಳು. ಭಾನುವಾರಗಳಂದು ಹೆಂಗಸರು ಅವಳ ಅಂಗಳದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ತಲೆ ಕೊಡತೊಡಗಿದರು. ಬೇಸಿಗೆಯಲ್ಲಿ ಸರಿ, ಚಳಿಗಾಲದಲ್ಲಿ ಒದ್ದೆ ತಲೆಯವಳನ್ನು ಎಲ್ಲಿ ಕೂರಿಸುವುದು? ಗಂಡಸರು ಅತಿಥಿಗಳನ್ನು ಕೂರಿಸುವ ಬೈಠಕ್ಕನ್ನು ಯಾರೂ ಕೇಳುವಂತಿಲ್ಲ, ಅದು ಬಿಟ್ಟರೆ ಬೆಚ್ಚಗಿನ ಕೋಣೆ ಒಂದೇ. ವಸಂತದಲ್ಲಿ ಅದು ಹುಳುವಿನದು, ಉಳಿದ ಕಾಲದಲ್ಲಿ ಹುಳುವಿನ ತಟ್ಟೆಗಳದು.

ಇನೊಬತ್‌ಗೆ ಆ ಕೋಣೆ ಬೇಕಿತ್ತು. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಬೇಸಿನ್ನು ಸಾಕು, ಬಾನಿ ಬಿಡುತ್ತೇನೆ ಎನ್ನುತ್ತಿದ್ದಳು. ಅದು ಬರೀ ಆಸೆಯಲ್ಲ. ಒಂದು ದಿನ ಅವಳು ತನ್ನ ಬೆರಳ ತುದಿಗೆ ಸೂಜಿ ಚುಚ್ಚಿ ನನಗೆ ತೋರಿಸಿದಳು.

"ನೋಡು, ಗೊತ್ತೇ ಆಗಲ್ಲ. ಎರಡು ಬೆರಳು ಸತ್ತಿವೆ. ಇನ್ನೆರಡು ವರ್ಷ ಬಾನಿಯಲ್ಲಿಟ್ಟರೆ ಕೂದಲು ಹಿಡಿಯೋಕೂ ಬೆರಳು ಉಳಿಯಲ್ಲ."

ಆದರೆ ಕೋಣೆಯ ಯಜಮಾನಿಕೆ ಅವಳ ಅತ್ತೆ ಮಸ್ತೂರಾ ಬುವಿಯದು. ಬುವಿ ಅಂದರೆ ಅಜ್ಜಿ. ಬೀದಿಗೆಲ್ಲ ಅವಳು ಬುವಿ. ವಯಸ್ಸು ಅರವತ್ತೇಳು, ಧ್ವನಿಗೆ ಇಪ್ಪತ್ತು. ಮದುವೆಯಾದ ವರ್ಷ ಮೊಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಎದೆಯ ನಡುವೆ ಇಟ್ಟುಕೊಂಡು, ಮೈಯ ಕಾವಿನಲ್ಲೇ ಹುಳು ಹೊರಡಿಸಿದವಳು. ಅದನ್ನು ದಿನಕ್ಕೊಮ್ಮೆ ನೆನಪಿಸುವವಳು.

"ನನ್ನ ಎದೆ ಮೇಲೆ ಮರಿಯಾದ ಹುಳುಗಳ ವಂಶ ಕಣೇ ಅದು! ಅವನ್ನ ಹೊರಗೆ ಹಾಕಿ ಕಂಡವರ ಹೇನು ಒಳಗೆ ತರ್ತೀಯಾ?"

"ಎದೆ ನಿಮ್ಮದು ಅತ್ತೆ, ಸರಿ. ಅವಕ್ಕೆ ಸೊಪ್ಪು ಹಾಕೋ ಕೈ ನಂದಲ್ವಾ?"

"ಕೈ ಇರೋದು ಯಾಕೆ ಮತ್ತೆ?"

ಹೀಗೆ ಎರಡು ವಸಂತ ಕಳೆದವು. ಈ ವರ್ಷ, ಮೊಟ್ಟೆ ಪೆಟ್ಟಿಗೆ ಯಾರ್ಯಾರಿಗೆ ಬೇಕು ಎಂದು ಬರೆದುಕೊಳ್ಳಲು ನಮ್ಮ ಕೇರಿಯ ಲೆಕ್ಕ ಬರೆಯುವ ತಾಲಿಬ್ ಶನಿವಾರ ಬರುತ್ತಾನೆಂದು ಗೊತ್ತಾಯಿತು. ಒಮ್ಮೆ ಬರೆಸಿದರೆ ಮುಗಿಯಿತು, ಕೋಣೆ ಹೋಯಿತು. ಅದಕ್ಕೆ ಎರಡು ದಿನ ಮೊದಲು, ಗುರುವಾರ, ಮಸ್ತೂರಾ ಬುವಿಯ ಮನೆಯಲ್ಲಿ ಗಪ್ ಇತ್ತು. ಗಪ್ ಎಂದರೆ ತಿಂಗಳಿಗೊಬ್ಬರ ಮನೆಯಲ್ಲಿ ಹೆಂಗಸರು ಸೇರಿ, ತಿಂದು, ಬಾರದವರ ಬಗ್ಗೆ ಮಾತಾಡುವುದು. ಹಾಗಾಗಿ ಸಾಯುವ ಸ್ಥಿತಿಯಲ್ಲಿದ್ದರೂ ಯಾರೂ ತಪ್ಪಿಸುವುದಿಲ್ಲ.

ಹಿಂದಿನ ಗಪ್‌ನಲ್ಲಿ ಒಂದು ಅನಾಹುತ ಆಗಿತ್ತು. ಮಸ್ತೂರಾ ಬುವಿಯ ಎರಡು ಜಡೆಗಳು ಸೊಂಟದವರೆಗೆ ಬರುತ್ತವೆ. ಆದರೆ ಭುಜದಿಂದ ಕೆಳಗಿನದು ಕೂದಲಲ್ಲ, ಜಡೆಗೆ ಹೆಣೆದ ಕಪ್ಪು ರೇಷ್ಮೆ ಕುಚ್ಚು. ನಮ್ಮಲ್ಲಿ ಅದು ಗುಟ್ಟೇನಲ್ಲ, ಆದರೂ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅವತ್ತು ಹೆಂಗಸರೆಲ್ಲ ತಲೆವಸ್ತ್ರ ತೆಗೆದು ಆರಾಮವಾಗಿ ಕೂತಾಗ ಅವಳ ನಾದಿನಿ ಸಬೊಹತ್ ಆ ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅತ್ತಿಗೆ, ಇದರಲ್ಲಿ ನಿನ್ನದೆಷ್ಟು, ಹುಳುವಿನದೆಷ್ಟು?" ಎಂದು ಕೇಳಿದ್ದಳು. ಹದಿನಾರು ಹೆಂಗಸರು ನಕ್ಕಿದ್ದರು. ನಾನೂ.

ಬುಧವಾರ ಮಸ್ತೂರಾ ಬುವಿ ಸೊಸೆಯನ್ನು ಕರೆದಳು. ಗೋಡೆಯ ಈಚೆ ಬಟ್ಟೆ ಹರವುತ್ತಿದ್ದ ನನಗೆ ಎಲ್ಲ ಕೇಳಿಸಿತು. ಕೇಳಿಸಲೆಂದೇ ಅವಳು ಮಾತಾಡುವುದು.

"ಆ ನಿನ್ನ ಡಬ್ಬಿ ನನ್ನ ತಲೆಗೂ ಹಚ್ಚು. ನಾಳೆ ಸಬೊಹತ್ ಬಾಯಿಂದ ನನ್ನ ಕೂದಲ ಮೇಲೆ ಒಂದು ಕೊಂಕು ಬರಬಾರದು. ಬರದಿದ್ರೆ ಕೋಣೆ ನಿಂದು. ಬಂತೋ, ತಾಲಿಬ್ ಹತ್ರ ಎರಡು ಪೆಟ್ಟಿಗೆ ಬರೆಸ್ತೀನಿ."

"ನಾ ಹೇಳಿದ ಹಾಗೆ ಕೂರಬೇಕು, ಅತ್ತೆ."

"ಕೂರೋದೇನು ಮಹಾ? ಐವತ್ತು ವರ್ಷದಿಂದ ಕೂರಬೇಕು ಅಂತ ಕಾಯ್ತಾ ಇದೀನಿ."

ಗುರುವಾರ ಕಾರ್ಖಾನೆಗೆ ರಜೆ ಹಾಕಿ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕಿಳಿದೆವು. ನಾನು ಮಂತಿಗೆ, ಅಂದರೆ ಮಾಂಸ ತುಂಬಿದ ಹಬೆ ಕಡುಬಿಗೆ, ಕುಂಬಳ ಮತ್ತು ಈರುಳ್ಳಿ ಹೆಚ್ಚುತ್ತಿದ್ದೆ. ಇನೊಬತ್ ಅತ್ತೆಯ ಕುಚ್ಚು ಬಿಚ್ಚಿ, ಬುಡ ತೊಳೆದು, ಲೇಪವನ್ನು ಕಿವಿಯಿಂದ ಕೆಳಗೆ ನೀಟಾಗಿ ಹಚ್ಚಿದಳು. "ಇಷ್ಟೇ. ಮುಟ್ಟಬೇಡಿ," ಎಂದು ಹೇಳಿ ಹಿಟ್ಟು ನಾದಲು ಒಳಗೆ ಬಂದಳು. ಹದಿನಾರು ಜನರ ಕಡುಬಿನ ಹಿಟ್ಟು ತಾನಾಗಿ ನಾದಿಕೊಳ್ಳುವುದಿಲ್ಲ. ನಾದುವುದು, ಲಟ್ಟಿಸುವುದು, ತುಂಬುವುದು. ಒಂದು ಗಂಟೆಯ ಮೇಲಾಯಿತು.

ಹೊರಗೆ ಬಂದು ನೋಡಿದರೆ ಡಬ್ಬಿ ಖಾಲಿ. ಮಸ್ತೂರಾ ಬುವಿ ನೆತ್ತಿಗೆ ಬಟ್ಟೆ ಸುತ್ತಿಕೊಂಡು ಬಿಸಿಲಲ್ಲಿ ಕೂತು ನಗುತ್ತಿದ್ದಳು.

"ಅತ್ತೆ, ಏನು ಮಾಡಿದ್ರಿ?"

"ನೀನು ಬಾಲಕ್ಕೆ ಹಚ್ಚಿ ತಲೆಗೆ ಹಚ್ಚದೆ ಹೋಗಿದ್ದೆ. ನಿನ್ನ ಜಿಪುಣತನ ನಂಗೆ ಗೊತ್ತಿಲ್ವಾ? ಎಲೆಗೆ ನೀರು ಹಾಕಿ ಮರ ಬೆಳೆಸಿದವರನ್ನ ಎಲ್ಲಾದ್ರೂ ನೋಡಿದೀಯಾ? ಬುಡಕ್ಕೆ ನಾನೇ ಚೆನ್ನಾಗಿ ತಿಕ್ಕಿದೆ."

"ನೀವು ಮರ ಅಲ್ಲ ಅತ್ತೆ!"

"ಈ ಮನೆಗೆ ನೆರಳು ಯಾರು ಮತ್ತೆ?"

ಇನೊಬತ್ ಅತ್ತೆಯ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು, ಕೈಗನ್ನಡಿ ಕೊಟ್ಟಳು. ಮಸ್ತೂರಾ ಬುವಿಯ ನಗು ಇಳಿಯಿತು. ಭುಜದ ಬಳಿ ಕೂದಲು ಹೊಳೆಯುತ್ತಿತ್ತು, ನಿಜ. ಆದರೆ ನೆತ್ತಿಯ ಮೇಲೆ ಎಳೆ ಎಳೆಯೂ ತಲೆಗೆ ಮೆತ್ತಿಕೊಂಡು, ನಡುವೆ ಚರ್ಮ ಇಣುಕಿ, ಹೋಳು ಮಾಡಿದ ಬದನೆಕಾಯಿಯನ್ನು ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಕುಚ್ಚು ಹೆಣೆಯಹೋದರೆ ಅದೂ ಜಾರಿ ಜಾರಿ ಬಿದ್ದಿತು.

"ಸಬೊಹತ್ ಸಾಯೋವರೆಗೂ ಹೇಳ್ತಾಳೆ ಇದನ್ನ," ಎಂದಳು ಬುವಿ. ಆ ಇಪ್ಪತ್ತರ ಧ್ವನಿ ಮೊದಲ ಸಲ ಅರವತ್ತೇಳಾಗಿತ್ತು. "ನಾನು ಸತ್ತ ಮೇಲೂ ಹೇಳ್ತಾಳೆ."

"ತಲೆವಸ್ತ್ರ ಕಟ್ಕೊಂಡೇ ಕೂತುಬಿಡಿ ಬುವಿ," ಎಂದೆ ನಾನು.

"ಕಟ್ಕೊಂಡು ಕೂತ್ರೆ ಕಿತ್ತು ನೋಡ್ತಾಳೆ ಆ ಮಾರಿ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ನಗು ಕೇಳಿಸಿತು. ಕಡುಬು ಇನ್ನೂ ಹಬೆಗೆ ಹೋಗಿಲ್ಲ, ಚಹಾಕ್ಕೆ ನೀರಿಟ್ಟಿಲ್ಲ. ಮತ್ತೊಮ್ಮೆ ಮಣ್ಣು ನೆನೆಸಿ ಬುಡ ತೊಳೆಯಲು ಮುಕ್ಕಾಲು ಗಂಟೆ ಬೇಕು. ಇನೊಬತ್ ಒಲೆಯತ್ತ ನೋಡಿದಳು, ಅತ್ತೆಯ ನೆತ್ತಿ ನೋಡಿದಳು. ಆಮೇಲೆ ಜಗಲಿಯಲ್ಲಿ ದಿಂಬಿಗೊರಗಿ ಫೋನು ಹಿಡಿದಿದ್ದ ಗಂಡನನ್ನು ನೋಡಿದಳು.

"ಏನ್ರೀ, ಏಳಿ. ಕಡುಬು ಹಬೆಗಿಡಿ. ಬಂದವರಿಗೆ ಚಹಾ ಬಗ್ಗಿಸಿ."

"ನಾನಾ?"

"ಇಲ್ಲಿ ಇನ್ಯಾರು ಕೈ ಖಾಲಿ ಇರೋದು?"

"ಹೆಂಗಸರ ಗಪ್ ಕಣೇ ಇದು! ನಾನು ಹೆಂಗೆ... ಅಮ್ಮಾ, ನೋಡಮ್ಮಾ ಇವಳನ್ನ!"

ಮಸ್ತೂರಾ ಬುವಿ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಹೋಗೋ," ಎಂದಳು.

ಕೊಮಿಲ್‌ಜಾನ್‌ಗೆ ನಾನು ನೆರವಾಗಬಹುದಿತ್ತು. ಆದರೆ ನನಗೆ ನೀರು ಹೊಯ್ಯುವ ಕೆಲಸವಿತ್ತು. ಅಲ್ಲದೆ ಇಂಥದ್ದು ಮತ್ತೆ ನೋಡಲು ಸಿಗುವುದಿಲ್ಲ.

ಹಿತ್ತಲಲ್ಲಿ ಇನೊಬತ್ ಅತ್ತೆಯ ತಲೆಯನ್ನು ಮಡಿಲಿಗೆಳೆದುಕೊಂಡು ಬುಡಕ್ಕೆ ಮಾತ್ರ ಮಣ್ಣು ಹಚ್ಚಿದಳು. ಬೆರಳುಗಳು ಎಳೆ ಹುಡುಕುವಂತೆ ನೆತ್ತಿಯ ಮೇಲೆ ಓಡಾಡಿದವು.

"ಕಿವಿಗೆ ನೀರು ಹೋಗ್ತಿದೆ. ಕೊಲ್ತೀಯೇನೇ?"

"ಇನ್ನೊಂದು ಮಾತಾಡಿದ್ರೆ ಬಾಯಿಗೂ ಹೋಗುತ್ತೆ."

ಮಸ್ತೂರಾ ಬುವಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಮದುವೆಗೆ ಮುಂಚೆ ನಮ್ಮಮ್ಮ ತೊಳೆದದ್ದು. ಆಮೇಲೆ ಯಾರೂ ಮುಟ್ಟಿರಲಿಲ್ಲ ಈ ತಲೆ." ಆಮೇಲೆ ಕಣ್ಣು ತೆರೆದು, "ನಿನ್ನ ಈ ಬೆರಳು ಯಾಕೆ ಒಂದು ಕಡೆ ಒತ್ತುತ್ತೆ, ಒಂದು ಕಡೆ ಒತ್ತೋದೇ ಇಲ್ಲ?"

"ಎರಡಕ್ಕೆ ಸ್ಪರ್ಶ ಇಲ್ಲ ಅತ್ತೆ. ಬಾನಿಯಿಂದ."

"ಹೂಂ," ಎಂದಳು ಬುವಿ. "ಎಡಗಡೆ ಇನ್ನೂ ಜಿಡ್ಡಿದೆ, ತಿಕ್ಕು."

ಎರಡು ಸಲ ಮಣ್ಣು, ಒಂದು ಸಲ ಮೊಸರು, ಮೂರು ಕೊಡ ತಣ್ಣೀರು. ಕೂದಲು ಒಣಗಿ ನೆತ್ತಿಯಿಂದ ಎದ್ದು ನಿಂತಿತು. ಇದ್ದದ್ದು ಭುಜದವರೆಗೆ ಮಾತ್ರ, ಬೂದಿ ಬಣ್ಣದ್ದು. ಆದರೆ ಹಗುರ, ಹೊಳಪು, ಅಲುಗಾಟ. ಇನೊಬತ್ ಕುಚ್ಚು ಕೈಗೆತ್ತಿಕೊಂಡಾಗ ಅತ್ತೆ ಅದನ್ನು ಕಿತ್ತುಕೊಂಡು ಗೂಟಕ್ಕೆ ತೂಗುಹಾಕಿದಳು.

ಒಳಗೆ ಹೋದರೆ ಹದಿನಾರು ಹೆಂಗಸರು ಉಸಿರಾಡದೆ ಕೂತಿದ್ದರು. ಅವರ ಮುಂದೆ ಹದಿನಾರು ಬಟ್ಟಲು, ಎಲ್ಲವೂ ಅಂಚಿನವರೆಗೆ ತುಂಬಿದ್ದವು. ನಮ್ಮಲ್ಲಿ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಚಹಾ ಬಗ್ಗಿಸಬೇಕು. ಮತ್ತೆ ಮತ್ತೆ ಬಗ್ಗಿಸುವುದೇ ಮರ್ಯಾದೆ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದರ್ಥ. ಕೊಮಿಲ್‌ಜಾನ್ ಸೊಂಟಕ್ಕೆ ಟವೆಲು ಕಟ್ಟಿ, ಬೆವರುತ್ತ ನಿಂತಿದ್ದ.

"ಏನೋ ಇದು?" ಎಂದಳು ತಾಯಿ, ಹಲ್ಲು ಕಚ್ಚಿ.

"ಹದಿನಾರು ಜನಕ್ಕೆ ಎಷ್ಟು ಸಲ ಏಳೋದಮ್ಮ? ಒಂದೇ ಸಲ ತುಂಬಿಸಿಬಿಟ್ಟೆ."

ಆಮೇಲೆ ಕಡುಬು ಬಂತು. ಹಬೆಪಾತ್ರೆಯ ಜಾಲರಿಗೆ ಎಣ್ಣೆ ಸವರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಡುಬುಗಳ ತಳ ಕೆಳಗೇ ಉಳಿದು, ಮಾಂಸ ಮಾತ್ರ ತಟ್ಟೆಗೆ ಬಂದಿತ್ತು. ಆ ಮನೆಯಲ್ಲಿ ಅವತ್ತು ಜಿಡ್ಡು ಬೇಡದ ಕಡೆಯೆಲ್ಲ ಇತ್ತು, ಬೇಕಾದ ಒಂದು ಕಡೆ ಇರಲಿಲ್ಲ.

ಸಬೊಹತ್ ಅತ್ತಿಗೆಯ ತಲೆಯನ್ನು ನೋಡಿದಳು. ಎದ್ದು ಬಂದು ಬೆರಳಲ್ಲಿ ಒಂದು ಎಳೆ ಎತ್ತಿದಳು. ಬಿಟ್ಟಳು. ಅದು ಹಾರಿ ಕೂತಿತು.

"ಹುಳು ಎಲ್ಲಿ, ಅತ್ತಿಗೆ?"

"ಗೂಟದ ಮೇಲಿದೆ. ಇದು ಪೂರ್ತಿ ನಂದು."

ಸಬೊಹತ್ ಬಾಯಿ ತೆರೆದು, ಮುಚ್ಚಿದಳು. ಆದರೆ ಅವಳ ಬಾಯಿ ಬಹಳ ಹೊತ್ತು ಮುಚ್ಚಿರುವಂಥದ್ದಲ್ಲ. ಸೋದರಳಿಯನತ್ತ ತಿರುಗಿದಳು. "ಕೊಮಿಲ್‌ಜಾನ್, ಬಂಗಾರ, ನಿನಗೆ ನಲವತ್ತು ಆಯ್ತಲ್ವಾ? ನಮ್ಮನ್ನ ಓಡಿಸಬೇಕಾದ್ರೆ ಬಾಯಲ್ಲಿ ಹೇಳಬಹುದಿತ್ತು. ಈ ಕಡುಬನ್ನೇನು ಕುಡಿಯೋದಾ, ತಿನ್ನೋದಾ? ನಿಮ್ಮಮ್ಮ ನಿನಗೇನೂ ಕಲಿಸ್ಲಿಲ್ವಾ ಪಾಪ?"

ಆಗ ಎದ್ದ ನಗುವಿಗೆ ಅಂಗಳದ ಕೋಳಿಗಳು ಚದುರಿದವು.

ಶುಕ್ರವಾರವಿಡೀ ಆ ಮನೆಯಲ್ಲಿ ಯುದ್ಧ. "ಕೂದಲು ಉಳೀತು, ಮಾನ ಹೋಯ್ತು. ಒಪ್ಪಂದ ಮುರೀತು," ಎಂದಳು ಬುವಿ. "ಮಾತು ಕೂದಲಿನ ಮೇಲಿತ್ತು ಅತ್ತೆ, ಕಡುಬಿನ ಮೇಲಲ್ಲ," ಎಂದಳು ಇನೊಬತ್. ಸಂಜೆ ನನ್ನ ಹತ್ತಿರ ಬಂದು, "ಅವಳು ಬರೆಸಿಬಿಡ್ತಾಳೆ ಕಣೇ," ಎಂದು ತನ್ನ ಎರಡು ಬೆರಳನ್ನು ಉಜ್ಜುತ್ತ ಕೂತಳು.

ಶನಿವಾರ ತಾಲಿಬ್ ಪುಸ್ತಕ ಹಿಡಿದು ಬಂದ. ಇನೊಬತ್ ಅಂಗಳ ಗುಡಿಸುತ್ತಿದ್ದಳು. ಮಸ್ತೂರಾ ಬುವಿ ತಲೆವಸ್ತ್ರವನ್ನು ಬೇಕೆಂದೇ ಹಿಂದಕ್ಕೆ ಸರಿಸಿಕೊಂಡು ಜಗಲಿಗೆ ಬಂದಳು.

"ಎಷ್ಟು ಬರೀಲಿ, ಬುವಿ?"

"ಒಂದು ಪೆಟ್ಟಿಗೆ ಬರಿ."

ಪೊರಕೆ ನಿಂತಿತು. ಗೋಡೆಯ ಈಚೆ ನನ್ನದೂ.

"ಯಾವತ್ತಿನ ಹಾಗೆ ಕೊಮಿಲ್‌ಜಾನ್ ಹೆಸರಲ್ಲೇನಾ?"

"ಹೌದು. ಇಷ್ಟು ವರ್ಷ ಹೆಸರು ಮಾತ್ರ ಅವನದಿತ್ತು. ಈ ವರ್ಷ ಕೈಯೂ ಅವನದೇ. ಚಹಾ ಬಗ್ಗಿಸೋಕೆ ಬರದ ಮಗನ್ನ ಹೆತ್ತಿದೀನಿ ಅಂತ ಸಬೊಹತ್ ಊರೆಲ್ಲ ಸಾರ್ತಿದಾಳೆ. ಹುಳುವಿಗಾದ್ರೂ ಹೊತ್ತೊತ್ತಿಗೆ ಬಡಿಸೋದು ಕಲೀಲಿ."

"ಕೋಣೆ ಯಾವುದು? ಬೆಚ್ಚಗಿರಬೇಕು."

"ಗಂಡಸರ ಬೈಠಕ್ ಇದೆಯಲ್ಲ. ಒಲೆ ಇದೆ, ರತ್ನಗಂಬಳಿ ಇದೆ. ವರ್ಷಕ್ಕೆ ನಾಲ್ಕು ಜನ ಬಂದು ಹೊಟ್ಟೆ ಉಜ್ಜಿಕೊಂಡು ಹೋಗೋದು ಬಿಟ್ಟರೆ ಅಲ್ಲಿ ಏನು ನಡೆಯುತ್ತೆ?"

ಬೈಠಕ್ಕಿನೊಳಗಿಂದ ಕೊಮಿಲ್‌ಜಾನ್‌ನ ಕೆಮ್ಮು ಕೇಳಿಸಿತು.

"ಅಲ್ಲಿ ಕೆಮ್ಮಬೇಡ," ಎಂದು ತಾಯಿ ಕೂಗಿದಳು, "ಈಗಲೇ ಅಭ್ಯಾಸ ಮಾಡ್ಕೋ!"

ಇನೊಬತ್‌ಳ ಕೋಣೆಗೆ ಕುರ್ಚಿ ಮೇ ಮೊದಲ ವಾರ ಬಂತು. ಹುಳುವಿಗೆ ವಾಸನೆ ಆಗದೆಂದು, ಗೂಡು ಕಟ್ಟುವವರೆಗೆ ಯಾರೂ ಸುಗಂಧ ಹಚ್ಚಿಕೊಂಡು ಬರಬಾರದೆಂದು ಮಸ್ತೂರಾ ಬುವಿ ಬಾಗಿಲಲ್ಲೇ ಒಬ್ಬೊಬ್ಬರನ್ನೂ ಮೂಸಿ ನೋಡಿ ಒಳಗೆ ಬಿಡುತ್ತಾಳೆ. ತಂಗಿ ಹೊಸ ಡಬ್ಬಿ ಕಳಿಸಿದ್ದಾಳೆ. ಮೊದಲ ಭಾನುವಾರ ಮೊದಲು ಕೂತವಳು ಬುವಿಯೇ. ಎರಡನೆಯವಳು ಸಬೊಹತ್, ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ಹೇಳಿ.

"ಬುಡಕ್ಕೂ ಒಂದು ಚೂರು ಹಚ್ಚೇ," ಎಂದಳು ಬುವಿ ಕನ್ನಡಿಯಲ್ಲಿ.

"ಇಲ್ಲ ಅತ್ತೆ."

"ಸಾಸಿವೆಯಷ್ಟು."

"ಕೈ ಕೆಳಗಿಡಿ."

ಅಂಗಳದಾಚೆ ಬೈಠಕ್ಕಿನ ಬಾಗಿಲು ತೆರೆದು ಕೊಮಿಲ್‌ಜಾನ್ ತಲೆ ಹಾಕಿದ. ತಲೆಯ ತುಂಬ ಸೊಪ್ಪಿನ ಚೂರು. "ಅಮ್ಮಾ! ಈಗ ತಾನೆ ಹಾಕಿದ್ದೆ, ಮತ್ತೆ ಎಲ್ಲ ಖಾಲಿ! ಇವು ತಿನ್ನೋದು ಯಾವಾಗ ನಿಲ್ಲಿಸ್ತವೆ?"

"ನೀನು ಯಾವತ್ತು ನಿಲ್ಲಿಸಿದ್ದೆ?" ಎಂದಳು ತಾಯಿ, ತಿರುಗದೆ. ತಿರುಗುವಂತಿರಲಿಲ್ಲ. ಇನೊಬತ್ ಅವಳ ಗದ್ದ ಹಿಡಿದು ತಲೆಯನ್ನು ನೇರ ಮಾಡಿ, ಲೇಪದ ಬೆರಳನ್ನು ಕಿವಿಯ ಮಟ್ಟಕ್ಕೆ ತಂದು, ಅಲ್ಲಿಂದ ಶುರು ಮಾಡಿದಳು.